ಶೆಡ್ಡಿಗೆ ಹೊಸದಾಗಿ ಬಂದವಳಿಗೆ

ಕೀಲಿ ಮೊದಲ ತಗೋ. ಎರಡು ಸಲ ತಿರುವಬೇಕು,
ಎರಡನೇ ಸಲ ಬಾಗಲಾ ಮೊಣಕಾಲಿಲೆ ಒತ್ತಿ.
ಇದು ಹಳೇ ಹಂಚಿನ ಕಾರ್ಖಾನಿ. ಖಾನಾಪುರ ಬಿಟ್ಟ ರೈಲು
ಗೋಡಿ ಹಿಂದ ಹಾದಾಗೊಮ್ಮೆ
ಹಲಗಿ ಮ್ಯಾಲಿನ ಹಸಿ ಗಡಿಗಿ ತುಸು ನಡಗತಾವು.
ರೂಢಿ ಆಗತೈತಿ,
ಅವಕ್ಕೂ, ನಿನಗೂ.

ನಿನ್ನ ಹಿಡದು ಏಳು ಮಂದಿ, ತಿಗರಿ ಮೂರು.
ಗೋಡಿ ಮ್ಯಾಲ ಇದ್ದಲಿಲೆ ಬರದಾಂವ ಪುಂಡಲೀಕ ಮಾವ.
ನಂಬರು ಹಾಕ್ಯಾನ, ಒಂದರ ಮಗ್ಗಲ ಒಂದಿಲ್ಲ,
ಹುಡುಕಿ ಓದಬೇಕು.

ತಿಗರಿ ಬಿಟ್ಟು ಏಳೂ ಮುಂದ ಒರಸಿ ಏಳು.
ನಿನ್ನ ಕೆಸರಿನ ಮ್ಯಾಲ
ಇನ್ನೊಬ್ಬರ ಮುಂಜಾನಿ ಕುಂದರಬಾರದು.

ಹಸಿದನ್ನ ಮುಟ್ಟಬ್ಯಾಡ. ಯಾರದರ ಇರಲಿ,
ಎಷ್ಟರ ಸೊಟ್ಟ ಇರಲಿ.
ಉಪಕಾರ ಮಾಡತೇನಿ ಅಂತ ನಾ ಒಮ್ಮೆ
ಸಾತೇರಿಯ ಹೂಜಿಯ ಕುತ್ತಿಗಿ ತಿದ್ದಿದ್ದೆ.
ಅಕಿ ಬಂದು ನೋಡಿದಳು, ಏನೂ ಅನಲಿಲ್ಲ.
ಹೂಜಿ ಎತ್ತಿ ನೀರಿನ ಕೊಳಗದಾಗ ಬಿಟ್ಟಳು,
ಅದು ಕರಗೂ ತನಕ ನಿಂತಿದ್ದಳು.
ಆ ವಾಲಿದ ಕುತ್ತಿಗಿ ಅವರವ್ವಂದಂತ.
ಲಕ್ವಾ ಹೊಡದ ಮ್ಯಾಲ ಮುದುಕಿ ಹಂಗ
ಒಂದ ಕಡೆ ತಲಿ ಇಟ್ಟು ಬಾಗಲಾ ನೋಡತಿದ್ದಳಂತ.
ನನಗ ತಿಳದದ್ದು ಎಂಟು ದಿನಕ್ಕ,
ಅದೂ ಬ್ಯಾರೆಯವರ ಬಾಯಿಲೆ.

ಮಣ್ಣು ಬೇಕಾದಷ್ಟು ತಗೋ. ಹೊಳಿದು ಅದು.
ಆದರ ನಾದಿ ಇಟ್ಟ ಮುದ್ದಿ ಬ್ಯಾರೆ,
ಅದರಾಗ ಒಬ್ಬರ ರಟ್ಟಿ ಐತಿ.
ತಗೊಂಡರ ಅಷ್ಟ ನಾದಿ ಇಡು,
ನಾಳಿ ಅಲ್ಲ, ಇವತ್ತ.

ರಾಜೇಸಾಬ ರೇಡಿಯೋ ಹಚ್ಚತಾನ,
ಕುಮುದಿನಿಬಾಯಿಗೆ ನೊಣ ಹಾರಿದರೂ ಸಪ್ಪಳ.
ಊಟದ ತನಕ ಅಕಿ ರಾಜ್ಯ, ಆಮ್ಯಾಲ ಅವಂದು.
ಮರಾಠಿ ಬರತೈತೇನು, ಕನ್ನಡ ಬರತೈತೇನು
ಅಂತ ಇಲ್ಲಿ ಯಾರೂ ಕೇಳಂಗಿಲ್ಲ.
ಮಾತಿ ಅಂದರೂ ಮಣ್ಣು ಅಂದರೂ
ಅದ ಬುಟ್ಟಿ ಬರತೈತಿ.

ನಾಲ್ಕನೇದು ಓದಾಕ ಬರೂದಿಲ್ಲ.
ಸುಣ್ಣದ ಪದರ ಅಲ್ಲೇ ಉದುರಿ ಬಿತ್ತು.
ಮಾವನ್ನ ಕೇಳಿದರ 'ನನಗರ ಎಲ್ಲಿ ನೆನಪೈತಿ' ಅಂತ ನಗತಾನ.
ಬೀಡಿ ಸೇದಬ್ಯಾಡ ಅಂತಿತ್ತು ಅಂತಾಳ ಕುಮುದಿನಿಬಾಯಿ,
ಹೊರಗ ಹೋಗಿ ಸೇದು ಅಂತಿತ್ತು ಅಂತಾನ ರಾಜೇಸಾಬ.

ಭಟ್ಟಿಯೊಳಗ ಇಡೂ ಮುಂದ ಒಂದೊಂದನ್ನೂ
ಗಲ್ಲಕ್ಕ ಹಚ್ಚಿ ನೋಡು, ಕೂಸಿಗೆ ಜ್ವರ ನೋಡಿದಂಗ.
ತಂಪು ಹತ್ತಿದರ ಒಳಗಿನ್ನೂ ನೀರೈತಿ,
ಸಿಡೀತೈತಿ. ಸಿಡದರ ತಂದಷ್ಟ ಸಿಡಿಯಂಗಿಲ್ಲ.
ಹ್ವಾದ ದೀಪಾವಳಿ ಮುಂದ ಹಂಗ ಆತು.
ನಾನೂರು ಪಣತಿ, ಹನ್ನೊಂದು ಹೂಜಿ,
ಬೆಳಗಾವಿಯ ಅಂಗಡಿಯಾಂವ ಮುಂಗಡ ಕೊಟ್ಟಿದ್ದ.
ಭಟ್ಟಿ ತಗದಾಗ ಬೂದಿ ನಡುವ ಬರೇ ಚೂರು.
ಚೂರು ತಿರುವಿದರ ಒಳಮೈಯಾಗ ಬೆರಳಿನ ಗೆರಿ ಇರತಾವು,
ಯಾರದು ಅಂತ ನಮ್ಮಾಗ ಎಲ್ಲಾರಿಗೂ ಗೊತ್ತಾಗತೈತಿ.
ಕಸಬರಿಗಿ ಹಿಡದು ಬಳದಿವಿ, ಬುಟ್ಟಿ ತುಂಬಿದಿವಿ.
ಒಬ್ಬರೂ ತಿರುವಿ ನೋಡಲಿಲ್ಲ.
ನಾ ಒಂದು ಚೂರು ಸೆರಗಿನಾಗ ಕಟಗೊಂಡೆ.
ಸಾತೇರಿ ನೋಡಿದಳು,
ಆ ಕಡೆ ಹೊಳ್ಳಿ ಬೂದಿ ಬಳಿಯಾಕ ಹತ್ತಿದಳು.

ನಾಲ್ಕನೇದು ಅದ ಇದ್ದೀತು ಅಂತ ನನಗ ಅನಸತೈತಿ.
ಅಲ್ಲ ಅಂತಾಳ ಸಾತೇರಿ. ಚಾದ ರೊಕ್ಕದ್ದಂತ.
ವಾರಕ್ಕ ನಲವತ್ತು. ಡಬ್ಬಿ ಕಿಡಕಿಯಾಗ ಐತಿ.
ಬಿಸ್ಕೀಟಿಂದು ಬ್ಯಾರೆ.